ಅಮೆರಿಕದ ಭಾರೀ ಬಾಂಬರ್‌ಗಳು, ಅದರೊಳಗಿದ್ದ ಹತ್ತು ಜನ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ಬಾಂಬರ್‌ಗಳ ಮಾತು ಬಂದರೆ ಜನ ಮೊದಲು ಕೇಳುವುದು ವೇಗ ಎಷ್ಟು, ಎಷ್ಟು ಟನ್ ಬಾಂಬು ಹೊರುತ್ತಿತ್ತು ಅಂತ. ಸ್ವಲ್ಪ ಹೊತ್ತಾದ ಮೇಲೆ ಬೇರೆ ಪ್ರಶ್ನೆಗಳು ಬರುತ್ತವೆ. ಅಷ್ಟು ಎತ್ತರದಲ್ಲಿ ಚಳಿ ಆಗ್ತಿರಲಿಲ್ವಾ? ಮೂತ್ರ ಬಂದರೆ ಏನು ಮಾಡ್ತಿದ್ದರು? ಎಷ್ಟು ಜನ ವಾಪಸ್ ಬಂದರು? ನನಗೆ ಈ ಎರಡನೇ ಥರದ ಪ್ರಶ್ನೆಗಳೇ ಇಷ್ಟ. ಇಲ್ಲಿ ಹೆಚ್ಚಾಗಿ ಇಂಗ್ಲೆಂಡಿನಿಂದ ಹಾರಿದ ಅಮೆರಿಕದ ಎಂಟನೇ ವಾಯುಪಡೆಯ ವಿಷಯ ಇದೆ. ಕೊನೆಗೆ ಖರಗ್‌ಪುರಕ್ಕೂ ಬೆಂಗಳೂರಿಗೂ ಬರುತ್ತೇವೆ.

ಭಾರೀ ಬಾಂಬರ್ ಅಂದರೆ ಯಾವ ವಿಮಾನ?

ಮುಖ್ಯವಾಗಿ ಮೂರು. ಬೋಯಿಂಗ್ ಬಿ-17, ಅಂದರೆ ಫ್ಲೈಯಿಂಗ್ ಫೋರ್ಟ್ರೆಸ್. ಕನ್‌ಸಾಲಿಡೇಟೆಡ್ ಬಿ-24, ಅಂದರೆ ಲಿಬರೇಟರ್. 1944ರಲ್ಲಿ ಯುದ್ಧಕ್ಕೆ ಇಳಿದ ಬಿ-29 ಸೂಪರ್‌ಫೋರ್ಟ್ರೆಸ್. ಮೂರಕ್ಕೂ ನಾಲ್ಕು ಇಂಜಿನ್.

ಬಿ-17 ಒಟ್ಟು 12,731 ತಯಾರಾದವು. ಬಿ-24 ಇನ್ನೂ ಜಾಸ್ತಿ, 18,000 ದಾಟಿತು. ಮಿಶಿಗನ್‌ನ ವಿಲ್ಲೋ ರನ್‌ನಲ್ಲಿ ಫೋರ್ಡ್ ಕಂಪನಿಯ ಕಾರ್ಖಾನೆ ಭರಾಟೆಯ ದಿನಗಳಲ್ಲಿ ಗಂಟೆಗೊಂದು ಬಿ-24 ಹೊರಗೆ ತಳ್ಳುತ್ತಿತ್ತು. ಕಾರು ಮಾಡಿದ ಹಾಗೆ ವಿಮಾನ ಮಾಡಿದರು.

ಬಿ-17, ಬಿ-24, ಎರಡರಲ್ಲಿ ಯಾವುದು ಒಳ್ಳೆಯದು?

ಈ ಜಗಳ ಇನ್ನೂ ಮುಗಿದಿಲ್ಲ. ಕಾಗದದ ಮೇಲೆ ಬಿ-24 ಮುಂದು: ಹೆಚ್ಚು ದೂರ, ಹೆಚ್ಚು ವೇಗ, ಹೆಚ್ಚು ಬಾಂಬು. ಆದರೆ ಎತ್ತರದಲ್ಲಿ ಅದನ್ನು ಸಾಲಿನಲ್ಲಿ ಹಿಡಿದಿಡುವುದು ಪೈಲಟ್‌ಗೆ ಕೈಸೋಲುವ ಕೆಲಸ. ಬಿ-17 ಮಾತ್ರ ಏಟು ತಿಂದು ಮನೆಗೆ ಬರುವುದರಲ್ಲಿ ಎತ್ತಿದ ಕೈ. ಬಿ-17 ಹುಡುಗರು ಬಿ-24 ಅನ್ನು 'ನಮ್ಮ ವಿಮಾನ ಪ್ಯಾಕ್ ಆಗಿ ಬಂದ ಡಬ್ಬ' ಎಂದು ಆಡಿಕೊಳ್ಳುತ್ತಿದ್ದರು. ನನ್ನನ್ನು ಹತ್ತು ಅಂದರೆ ನಾನೂ ಬಿ-17ನ್ನೇ ಹತ್ತುತ್ತಿದ್ದೆ.

ಒಳಗೆ ಯಾರ್ಯಾರು ಇರುತ್ತಿದ್ದರು?

ಹತ್ತು ಜನ. ಪೈಲಟ್, ಕೋ-ಪೈಲಟ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಬಾಂಬು ಬಿಡುವ ಬಂಬಾರ್ಡಿಯರ್: ಈ ನಾಲ್ವರು ಅಧಿಕಾರಿಗಳು. ಉಳಿದ ಆರು ಜನ ಸಾಮಾನ್ಯವಾಗಿ ಸಾರ್ಜೆಂಟ್‌ಗಳು. ಫ್ಲೈಟ್ ಇಂಜಿನಿಯರ್ ಮೇಲಿನ ಟರೆಟ್‌ನ, ಅಂದರೆ ತಿರುಗುವ ಗೂಡಿನ, ಗನ್ ಕೂಡ ನೋಡಿಕೊಳ್ಳುತ್ತಿದ್ದ. ರೇಡಿಯೋ ಆಪರೇಟರ್ ಒಬ್ಬ, ಎಡಬಲದ ಕಿಟಕಿಯಲ್ಲಿ ಇಬ್ಬರು ಗನ್ನರ್‌ಗಳು, ಬಾಲದಲ್ಲಿ ಒಬ್ಬ, ಹೊಟ್ಟೆಯ ಕೆಳಗೆ ಒಬ್ಬ. ಹೆಚ್ಚಿನವರಿಗೆ ಇಪ್ಪತ್ತು ಇಪ್ಪತ್ತೆರಡು ವಯಸ್ಸು. ಇಪ್ಪತ್ತೇಳು ಆದವನು ತಂಡದಲ್ಲಿ 'ಅಜ್ಜ'.

ಹೊಟ್ಟೆಯ ಕೆಳಗಿನವನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದಕ್ಕೆ ಬಾಲ್ ಟರೆಟ್ ಅಂತ ಹೆಸರು. ವಿಮಾನದ ಅಡಿಗೆ ನೇತಾಡುವ ಲೋಹ-ಗಾಜಿನ ಗುಂಡು. ಕುಳ್ಳಗಿದ್ದ ಹುಡುಗನನ್ನೇ ಹುಡುಕಿ ಅದರೊಳಗೆ ಹಾಕುತ್ತಿದ್ದರು. ವಿಮಾನ ನೆಲ ಬಿಟ್ಟ ಮೇಲೆ ಅವನು ಒಳಗೆ ಇಳಿಯಬೇಕು. ಬೆನ್ನು ಕೆಳಗೆ, ಮೊಣಕಾಲು ಎದೆಯ ಹತ್ತಿರ, ತಾಯಿ ಹೊಟ್ಟೆಯ ಮಗು ಮಲಗಿದ ಹಾಗೆ. ತಲೆಯ ಎರಡೂ ಪಕ್ಕ ಒಂದೊಂದು ಮೆಷಿನ್ ಗನ್. ಎರಡು ಪಾದಗಳ ನಡುವಿನ ದುಂಡು ಗಾಜಿನಲ್ಲಿ ಇಡೀ ಜರ್ಮನಿ ಕಾಣುತ್ತದೆ. ಪ್ಯಾರಾಚೂಟ್‌ಗೆ ಅಲ್ಲಿ ಸಾಮಾನ್ಯವಾಗಿ ಜಾಗ ಇರುತ್ತಿರಲಿಲ್ಲ, ಅದು ಮೇಲೆ ವಿಮಾನದಲ್ಲೇ. ವಿಮಾನಕ್ಕೆ ಬೆಂಕಿ ಬಿದ್ದರೆ ಅವನು ಟರೆಟ್ ತಿರುಗಿಸಿ, ಬಾಗಿಲು ತೆಗೆದು, ಮೇಲೆ ಹತ್ತಿ, ಪ್ಯಾರಾಚೂಟ್ ಹುಡುಕಿ ಕಟ್ಟಿಕೊಂಡು ಹಾರಬೇಕು. ಅಷ್ಟು ಹೊತ್ತು ವಿಮಾನ ಕಾಯಬೇಕಲ್ಲ.

ಒಂದು ಮಿಷನ್ ದಿನ ಹೇಗಿರುತ್ತಿತ್ತು?

ಬೆಳಗಿನ ಜಾವ ಎರಡು ಮೂರು ಗಂಟೆಗೆ ಯಾರೋ ಟಾರ್ಚ್ ಹಿಡಿದು ಬಂದು ಹೆಸರು ಕೂಗುತ್ತಾನೆ. ಊಟದ ಮನೆಯಲ್ಲಿ ಆವತ್ತು ನಿಜವಾದ ಮೊಟ್ಟೆ. ಬೇರೆ ದಿನ ಪುಡಿ ಮೊಟ್ಟೆಯೇ ಗತಿ. ಹಾಗಾಗಿ ತಟ್ಟೆಯಲ್ಲಿ ತಾಜಾ ಮೊಟ್ಟೆ ಕಂಡರೆ ಖುಷಿಪಡುವವರು ಕಡಿಮೆ.

ಆಮೇಲೆ ಬ್ರೀಫಿಂಗ್. ಗೋಡೆಯ ಮೇಲೆ ಯೂರೋಪಿನ ನಕ್ಷೆ, ಅದಕ್ಕೊಂದು ಪರದೆ. ಪರದೆ ಸರಿಸಿದರೆ ನಕ್ಷೆಯ ಮೇಲೆ ಒಂದು ದಾರ. ಇಂಗ್ಲೆಂಡಿನಿಂದ ಗುರಿಯವರೆಗೆ, ಅಲ್ಲಿಂದ ವಾಪಸ್. ದಾರ ಫ್ರಾನ್ಸ್‌ನ ಅಂಚಿಗೇ ನಿಂತರೆ ಎಲ್ಲರೂ ಉಸಿರು ಬಿಡುತ್ತಾರೆ. ಜರ್ಮನಿಯ ಒಳಗೆ ಉದ್ದಕ್ಕೆ ಹೋದರೆ ಇಡೀ ಕೋಣೆ ನರಳುತ್ತದೆ.

ಮೇಲೆ ಏರುವುದೇ ಒಂದು ಗಂಡಾಂತರ. ಅರ್ಧ ನಿಮಿಷಕ್ಕೊಂದರಂತೆ ತುಂಬಿದ ವಿಮಾನಗಳು ಏಳುತ್ತವೆ. ಇಂಗ್ಲೆಂಡಿನ ಮೋಡ ಗೊತ್ತಲ್ಲ, ಏನೂ ಕಾಣುವುದಿಲ್ಲ. ಮೋಡದೊಳಗೆ ಸುತ್ತು ಹಾಕುತ್ತಾ ಮೇಲೆ ಬರುವಾಗ ಒಂದಕ್ಕೊಂದು ಡಿಕ್ಕಿ ಹೊಡೆದು ಬಿದ್ದವು ಎಷ್ಟೋ. ಮೋಡದ ಮೇಲೆ ಪ್ರತಿ ಗುಂಪನ್ನೂ ಸೇರಿಸಲು ಒಂದು ಹಳೇ ವಿಮಾನ ಕಾದಿರುತ್ತಿತ್ತು. ಮೈಯೆಲ್ಲ ಪಟ್ಟೆ, ಚುಕ್ಕಿ, ಜಾತ್ರೆಯ ಬಲೂನಿನ ಹಾಗೆ ಬಣ್ಣ. ಅದನ್ನು ನೋಡಿಕೊಂಡು ಎಲ್ಲರೂ ಸಾಲು ಸೇರಬೇಕು. ಇಷ್ಟಕ್ಕೇ ಒಂದು ಗಂಟೆಗಿಂತ ಜಾಸ್ತಿ ಹಿಡಿಯುತ್ತಿತ್ತು.

10,000 ಅಡಿ ದಾಟಿದರೆ ಆಕ್ಸಿಜನ್ ಮಾಸ್ಕ್. ಸಮುದ್ರದ ಮೇಲೆ ಗನ್‌ಗಳನ್ನು ಒಂದು ಸಲ ಹಾರಿಸಿ ನೋಡುತ್ತಾರೆ. ಬಾಂಬುಗಳ ಸೇಫ್ಟಿ ಪಿನ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ.

ಗುರಿ ಹತ್ತಿರ ಬಂದಾಗ ನಿಜವಾದ ಪರೀಕ್ಷೆ. ಕೊನೆಯ ಕೆಲವು ನಿಮಿಷ ವಿಮಾನ ನೇರವಾಗಿ, ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಹೋಗಬೇಕು. ಆಚೀಚೆ ಅಲುಗಿದರೆ ಬಾಂಬು ಗುರಿ ತಪ್ಪುತ್ತದೆ. ಕೆಳಗಿನ ಜರ್ಮನ್ ತೋಪಿನವರಿಗೂ ಇದು ಗೊತ್ತು. ಈ ತೋಪುಗಳ ಸಿಡಿತಕ್ಕೆ ಫ್ಲಾಕ್ ಅಂತ ಹೆಸರು. ಕಪ್ಪು ಹೊಗೆಯ ಉಂಡೆಗಳು ಸುತ್ತ ಅರಳುತ್ತವೆ. ಸಿಡಿದ ಚೂರುಗಳು ವಿಮಾನದ ತಗಡಿಗೆ ಬಡಿಯುವ ಸದ್ದು ತಗಡಿನ ಮಾಡಿಗೆ ಯಾರೋ ಜಲ್ಲಿ ಎಸೆದ ಹಾಗೆ. ಶತ್ರು ವಿಮಾನ ಬಂದರೆ ಗುಂಡಾದರೂ ಹಾರಿಸಬಹುದು. ಫ್ಲಾಕ್‌ಗೆ ಏನು ಮಾಡುತ್ತೀರಿ? ಸುಮ್ನೆ ಕೂರಬೇಕು.

ಬಾಂಬು ಬಿಟ್ಟ ಕೂಡಲೇ ವಿಮಾನ ಹಗುರಾಗಿ ಮೇಲಕ್ಕೆ ಜಿಗಿಯುತ್ತದೆ.

ಇತ್ತ ಇಂಗ್ಲೆಂಡಿನ ಏರ್‌ಫೀಲ್ಡ್‌ನಲ್ಲಿ ಮಧ್ಯಾಹ್ನದಿಂದಲೇ ಮೆಕ್ಯಾನಿಕ್‌ಗಳು ಆಕಾಶ ನೋಡುತ್ತಾ ನಿಲ್ಲುತ್ತಾರೆ. ದೂರದಲ್ಲಿ ಸದ್ದು ಕೇಳಿದರೆ ಎಣಿಕೆ ಶುರು. ಗಾಯಗೊಂಡವರಿದ್ದರೆ ವಿಮಾನ ಇಳಿಯುವ ಮುಂಚೆ ಕೆಂಪು ಬೆಳಕಿನ ಬಾಣ ಹಾರಿಸುತ್ತದೆ. ಅದಕ್ಕೆ ಮೊದಲ ದಾರಿ. ಇಳಿದವರಿಗೆ ಕಾಫಿ, ಡೋನಟ್, ಒಂದು ಗುಟುಕು ವಿಸ್ಕಿ. ಆಮೇಲೆ ಅಧಿಕಾರಿಗಳ ಪ್ರಶ್ನೆ: ಯಾವ ವಿಮಾನ ಎಲ್ಲಿ ಬಿತ್ತು, ಎಷ್ಟು ಪ್ಯಾರಾಚೂಟ್ ಬಿಚ್ಚಿಕೊಂಡವು?

ಚಳಿ ನಿಜಕ್ಕೂ ಅಷ್ಟಿತ್ತಾ?

ಇತ್ತು. ಬಿ-17, ಬಿ-24 ಎರಡರಲ್ಲೂ ಒಳಗೆ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆ ಇರಲಿಲ್ಲ. 25,000 ಅಡಿಯಲ್ಲಿ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೆ. ಮೊದಮೊದಲು ಪಕ್ಕದ ಗನ್ನರ್‌ಗಳ ಕಿಟಕಿಗೆ ಗಾಜೇ ಇರಲಿಲ್ಲ, ಗಾಳಿ ನೇರ ಒಳಗೆ ನುಗ್ಗುತ್ತಿತ್ತು. ಗ್ಲೌಸ್ ತೆಗೆದು ಗನ್ ಮುಟ್ಟಿದರೆ ಬೆರಳಿನ ಚರ್ಮ ಲೋಹಕ್ಕೇ ಅಂಟಿಕೊಂಡು ಕಿತ್ತು ಬರುತ್ತಿತ್ತು. ಎಂಟನೇ ವಾಯುಪಡೆಯ ಮೊದಲ ವರ್ಷದಲ್ಲಿ ಶತ್ರುವಿನ ಗುಂಡಿಗಿಂತ ಹಿಮಕಚ್ಚಿನಿಂದ ಹಾರಾಟ ಬಿಟ್ಟವರೇ ಹೆಚ್ಚು.

ಕರೆಂಟಿನಿಂದ ಬಿಸಿಯಾಗುವ ಉಡುಪು ಬಂತು, ನಿಜ. ಅದರ ತಂತಿ ತುಂಡಾದರೆ ಒಂದು ಕಾಲು ಸುಡುತ್ತದೆ, ಇನ್ನೊಂದು ಮರಗಟ್ಟುತ್ತದೆ. ಮಾಸ್ಕ್‌ನಲ್ಲಿ ಉಸಿರಿನ ತೇವ ಗಟ್ಟಿಯಾಗಿ ಆಕ್ಸಿಜನ್ ನಿಂತುಹೋಗುವುದೂ ಇತ್ತು. ಆಗ ನೋವೇನೂ ಆಗುವುದಿಲ್ಲ. ಒಂಥರಾ ಅಮಲು ಬಂದ ಹಾಗಾಗಿ ಹಾಗೇ ಜೀವ ಹೋಗುತ್ತದೆ. ಅದಕ್ಕೇ ಇಂಟರ್‌ಕಾಮ್‌ನಲ್ಲಿ ಆಗಾಗ ಒಬ್ಬೊಬ್ಬರನ್ನೂ ಕರೆದು ಇದ್ದೀಯಾ ಅಂತ ವಿಚಾರಿಸುತ್ತಿದ್ದರು.

ಇನ್ನು ಮೂತ್ರದ ಪ್ರಶ್ನೆ: ಅದಕ್ಕೊಂದು ಕೊಳವೆ ಇತ್ತು. ಅದೂ ಹೆಪ್ಪುಗಟ್ಟುತ್ತಿತ್ತು.

ಬ್ರಿಟಿಷರು ರಾತ್ರಿ ಹೋಗುತ್ತಿದ್ದರು. ಇವರು ಯಾಕೆ ಹಗಲಲ್ಲೇ ಹೋದರು?

ಬ್ರಿಟಿಷರು ಹಗಲಲ್ಲಿ ಹೋಗಿ ಕೈ ಸುಟ್ಟುಕೊಂಡು ರಾತ್ರಿಗೆ ಬದಲಾಗಿದ್ದರು. ಅಮೆರಿಕದವರಿಗೆ ಎರಡು ನಂಬಿಕೆ. ಒಂದು, ನಾರ್ಡನ್ ಎಂಬ ಗುರಿ ನೋಡುವ ಯಂತ್ರ ಇದ್ದರೆ ಕಾರ್ಖಾನೆಯನ್ನೇ ಆರಿಸಿ ಹೊಡೆಯಬಹುದು. ಇನ್ನೊಂದು, ವಿಮಾನಗಳು ಒತ್ತಾಗಿ ಸಾಲುಕಟ್ಟಿ ಹೋದರೆ ಅವುಗಳ ಗನ್‌ಗಳೇ ಬೇಲಿಯಾಗುತ್ತವೆ. ಬಿ-17ರ ಜಿ ಮಾದರಿಯಲ್ಲಿ 13 ಮೆಷಿನ್ ಗನ್ ಇದ್ದವು.

1943ರ ಜನವರಿಯಲ್ಲಿ ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ನಡೆದ ಸಭೆಯಲ್ಲಿ ಈ ಹಗಲು ದಾಳಿ ನಿಲ್ಲಿಸಿ ಎಂದು ಒತ್ತಾಯಿಸಲು ಚರ್ಚಿಲ್ ಸಿದ್ಧರಾಗಿದ್ದರು. ಎಂಟನೇ ವಾಯುಪಡೆಯ ಜನರಲ್ ಇರಾ ಈಕರ್ ಒಂದು ಪುಟದ ಟಿಪ್ಪಣಿ ಕೊಟ್ಟರು: ಹಗಲು ನಾವು, ರಾತ್ರಿ ನೀವು, ಜರ್ಮನಿಗೆ ದಿನವಿಡೀ ಬಿಡುವೇ ಇರಬಾರದು. ಚರ್ಚಿಲ್‌ಗೆ ಆ ಮಾತು ಹಿಡಿಸಿತು.

ಮೊದಲ ದಾಳಿ ಅದಕ್ಕೂ ಮುಂಚೆ, 1942ರ ಆಗಸ್ಟ್ 17ರಂದು, ಫ್ರಾನ್ಸ್‌ನ ರುಆನ್ ರೈಲ್ವೆ ಯಾರ್ಡ್ ಮೇಲೆ. ಬರೀ 12 ಬಿ-17. ಎಲ್ಲವೂ ವಾಪಸ್ ಬಂದವು. ಎಲ್ಲಕ್ಕಿಂತ ಮುಂದಿದ್ದ ವಿಮಾನದ ಪೈಲಟ್ ಪಾಲ್ ಟಿಬೆಟ್ಸ್. ಮೂರು ವರ್ಷದ ಮೇಲೆ ಹಿರೋಷಿಮಾಗೆ ಅಣುಬಾಂಬು ಒಯ್ದವರೂ ಇವರೇ.

ಬಾಂಬು ಗುರಿಗೇ ಬೀಳುತ್ತಿತ್ತಾ?

ಉಪ್ಪಿನಕಾಯಿ ಪೀಪಾಯಿಗೆ ಬೇಕಾದರೂ ಹೊಡೆಯುತ್ತೇವೆ ಎಂದು ಹೇಳಿಕೊಳ್ಳುತ್ತಿದ್ದರು. ಅಮೆರಿಕದ ಮರುಭೂಮಿಯ ನಿಚ್ಚಳ ಆಕಾಶದಲ್ಲಿ ಅಭ್ಯಾಸ ಮಾಡಿದರೆ ಯಾರಿಗೆ ಬೇಕಾದರೂ ಹಾಗನ್ನಿಸುತ್ತದೆ. ಯೂರೋಪಿನಲ್ಲಿ ಮೋಡ, ಹೊಗೆ, ಫ್ಲಾಕ್, ಭಯ. ಯುದ್ಧ ಮುಗಿದ ಮೇಲೆ ಅಮೆರಿಕ ಸರ್ಕಾರವೇ ಮಾಡಿಸಿದ ಸಮೀಕ್ಷೆಯ ಪ್ರಕಾರ, ಗುರಿಗೆ ಇಟ್ಟ ಬಾಂಬುಗಳಲ್ಲಿ ಸುಮಾರು ಐದರಲ್ಲಿ ಒಂದು ಮಾತ್ರ ಗುರಿಯಿಂದ 1,000 ಅಡಿಯೊಳಗೆ ಬಿದ್ದಿತ್ತು. 1,000 ಅಡಿ ಅಂದರೆ 300 ಮೀಟರ್. ಒಂದು ಸಣ್ಣ ಬಡಾವಣೆ. ಬರಬರುತ್ತಾ ಮುಂದಿನ ವಿಮಾನ ಬಾಂಬು ಬಿಟ್ಟಾಗ ಹಿಂದಿನವರೆಲ್ಲ ಗುಂಡಿ ಒತ್ತುವುದೇ ಪದ್ಧತಿಯಾಯಿತು. ಮುಂದಿನವನು ತಪ್ಪಿದರೆ ಎಲ್ಲರೂ ತಪ್ಪಿದ ಹಾಗೆ. 1944ರ ಏಪ್ರಿಲ್ 1ರಂದು ದಾರಿ ತಪ್ಪಿ ಸ್ವಿಟ್ಜರ್ಲೆಂಡಿನ ಷಾಫ್‌ಹೌಸನ್ ಪಟ್ಟಣದ ಮೇಲೇ ಬಾಂಬು ಹಾಕಿದರು. 40 ಜನ ಸತ್ತರು. ಯುದ್ಧದಲ್ಲೇ ಇಲ್ಲದ ದೇಶ ಅದು.

25 ಮಿಷನ್ ಮುಗಿಸಿದರೆ ಮನೆಗೆ ಅಂತಾರೆ. ಎಷ್ಟು ಜನ ಮುಗಿಸಿದರು?

ಒಂದು ಲೆಕ್ಕ ಹಾಕೋಣ. ಪ್ರತಿ ಮಿಷನ್‌ನಲ್ಲಿ ನೂರಕ್ಕೆ ನಾಲ್ಕು ವಿಮಾನ ಬೀಳುತ್ತವೆ ಅಂದುಕೊಳ್ಳಿ. ನಾಲ್ಕೇ ತಾನೇ ಅನ್ನಿಸುತ್ತದೆ. ಆದರೆ ನೂರು ತಂಡ ಹೊರಟರೆ ಹತ್ತು ಮಿಷನ್ ಮುಗಿಯುವಾಗ ಉಳಿಯುವುದು 66. 25 ಮುಗಿಯುವಾಗ 36. ನಷ್ಟ ನೂರಕ್ಕೆ ಐದಾದರೆ 28. 1943ರಲ್ಲಿ ಎಷ್ಟೋ ಸಲ ನಷ್ಟ ಇದಕ್ಕಿಂತ ಜಾಸ್ತಿಯೇ ಇತ್ತು. ಗಣಿತ ಗೊತ್ತಿದ್ದ ನ್ಯಾವಿಗೇಟರ್‌ಗಳು ಈ ಲೆಕ್ಕ ಹಾಕದೇ ಇರುತ್ತಾರಾ?

1943ರ ಮೇ ತಿಂಗಳಲ್ಲಿ 25 ಮುಗಿಸಿದ 'ಮೆಂಫಿಸ್ ಬೆಲ್' ವಿಮಾನದ ತಂಡವನ್ನು ಅಮೆರಿಕದ ಊರೂರಿಗೆ ಕರೆದೊಯ್ದು ಮೆರವಣಿಗೆ ಮಾಡಿದ್ದು ಸುಮ್ನೆ ಅಲ್ಲ. 'ಹೆಲ್ಸ್ ಏಂಜಲ್ಸ್' ಎಂಬ ಇನ್ನೊಂದು ವಿಮಾನ ಕೆಲವೇ ದಿನ ಮುಂಚೆ 25 ಮುಗಿಸಿತ್ತು. ಅದರ ಹೆಸರು ಈಗ ಯಾರಿಗೂ ನೆನಪಿಲ್ಲ, ಪಾಪ. 1944ರಲ್ಲಿ ನಷ್ಟ ಕಡಿಮೆಯಾದಾಗ 25 ಅನ್ನು 30ಕ್ಕೆ, ಆಮೇಲೆ 35ಕ್ಕೆ ಏರಿಸಿದರು. ಗೆರೆ ಮುಟ್ಟುವಷ್ಟರಲ್ಲಿ ಗೆರೆಯೇ ಮುಂದೆ ಹೋದ ಹಾಗೆ.

ಎಂಟನೇ ವಾಯುಪಡೆಯಲ್ಲಿ ಒಟ್ಟು ಸತ್ತವರು 26,000ಕ್ಕೂ ಹೆಚ್ಚು. ಇಡೀ ಯುದ್ಧದಲ್ಲಿ ಅಮೆರಿಕದ ಮರೀನ್ ಪಡೆ ಕಳೆದುಕೊಂಡದ್ದಕ್ಕಿಂತ ಜಾಸ್ತಿ.

ತೀರಾ ಕೆಟ್ಟ ದಿನ ಯಾವುದು?

1943ರ ಆಗಸ್ಟ್ 1: ಲಿಬಿಯಾದ ಬೆಂಗಾಜಿಯಿಂದ 177 ಬಿ-24ಗಳು ರುಮೇನಿಯಾದ ಪ್ಲೊಯೆಷ್ಟಿ ತೈಲ ಘಟಕಗಳಿಗೆ ಹೋದವು, ಮರದ ತುದಿಯ ಎತ್ತರದಲ್ಲಿ. ಐವತ್ತಕ್ಕೂ ಹೆಚ್ಚು ಬರಲಿಲ್ಲ. ಅದೇ ತಿಂಗಳ 17ರಂದು ಜರ್ಮನಿಯ ರೇಗೆನ್ಸ್‌ಬರ್ಗ್‌ನ ವಿಮಾನ ಕಾರ್ಖಾನೆ, ಷ್ವೈನ್‌ಫರ್ಟ್‌ನ ಬಾಲ್ ಬೇರಿಂಗ್ ಕಾರ್ಖಾನೆ ಎರಡಕ್ಕೂ ಸೇರಿ 376 ಬಿ-17 ಹೊರಟವು. 60 ಬಿದ್ದವು. ಅಕ್ಟೋಬರ್ 14ರಂದು ಮತ್ತೆ ಷ್ವೈನ್‌ಫರ್ಟ್. ಈ ಸಲ 291 ಹೊರಟವು, ಮತ್ತೆ 60 ಹೋದವು. ಐದರಲ್ಲಿ ಒಂದು. ಒಂದೇ ಮಧ್ಯಾಹ್ನದಲ್ಲಿ ಆರುನೂರು ಜನ ಇಲ್ಲ. ಗನ್‌ಗಳೇ ಬೇಲಿ ಎಂಬ ನಂಬಿಕೆ ಆವತ್ತಿಗೆ ಸತ್ತಿತು.

ಮತ್ತೆ ಹೇಗೆ ಚೇತರಿಸಿಕೊಂಡರು?

ಮಸ್ಟಾಂಗ್ ಬಂತು. 1943ರ ಡಿಸೆಂಬರ್‌ನಿಂದ ಪಿ-51 ಮಸ್ಟಾಂಗ್ ಫೈಟರ್‌ಗಳು ಹೆಚ್ಚುವರಿ ಪೆಟ್ರೋಲ್ ಟ್ಯಾಂಕ್ ನೇತುಹಾಕಿಕೊಂಡು ಬಾಂಬರ್‌ಗಳ ಜೊತೆಗೇ ಹೋಗತೊಡಗಿದವು. ಆ ಟ್ಯಾಂಕ್‌ಗಳಲ್ಲಿ ಕೆಲವು ಒತ್ತಿದ ಕಾಗದದವು! ಬ್ರಿಟನ್‌ನಲ್ಲಿ ಮಾಡಿದ್ದು, ಒಂದು ಹಾರಾಟಕ್ಕಷ್ಟೇ ಸಾಕು. 1944ರ ಮಾರ್ಚ್ 6ರ ಬರ್ಲಿನ್ ದಾಳಿಯಲ್ಲಿ 69 ಬಾಂಬರ್ ಬಿದ್ದರೂ ಅಷ್ಟು ಹೊತ್ತಿಗೆ ಜರ್ಮನಿಯ ಅನುಭವಿ ಪೈಲಟ್‌ಗಳು ಖಾಲಿಯಾಗುತ್ತಿದ್ದರು.

ನಿಮಗೆ ಇಷ್ಟವಾದ ಒಬ್ಬ ಮನುಷ್ಯನ ಕಥೆ ಹೇಳಿ.

ಮೇನಾರ್ಡ್ ಸ್ಮಿತ್. ಬಾಲ್ ಟರೆಟ್ ಗನ್ನರ್. ಶಿಸ್ತು ಅಂದರೆ ಆಗದ, ಯಾರಿಗೂ ಹಿಡಿಸದ ಆಸಾಮಿ. 1943ರ ಮೇ 1, ಅವನ ಮೊಟ್ಟಮೊದಲ ಮಿಷನ್. ವಿಮಾನದ ನಡುವೆ ಬೆಂಕಿ ಹೊತ್ತಿತು. ಮೂವರು ಹಾರಿಕೊಂಡರು. ಸ್ಮಿತ್ ಉಳಿದ. ಸುಮಾರು ಒಂದೂವರೆ ಗಂಟೆ ಬೆಂಕಿ ಆರಿಸಿದ, ಗಾಯಗೊಂಡ ಬಾಲದ ಗನ್ನರ್‌ಗೆ ಆರೈಕೆ ಮಾಡಿದ, ನಡುನಡುವೆ ಗನ್ ಹಾರಿಸಿದ. ಬೆಂಕಿ ಆರಿಸುವ ಡಬ್ಬ ಖಾಲಿಯಾದ ಮೇಲೆ ಬೆಂಕಿಯ ಮೇಲೆ ಮೂತ್ರವನ್ನೂ ಮಾಡಿದ. ವಿಮಾನ ಇಳಿಯಿತು.

ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ, ಮೆಡಲ್ ಆಫ್ ಆನರ್, ಕೊಡಲು ಯುದ್ಧಮಂತ್ರಿ ಹೆನ್ರಿ ಸ್ಟಿಮ್ಸನ್ ಅವರೇ ಬಂದರು. ಎಲ್ಲರೂ ಸಾಲಾಗಿ ನಿಂತರು. ಸ್ಮಿತ್ ಮಾತ್ರ ಕಾಣೆ. ಹುಡುಕಿದರೆ ಅಡುಗೆ ಮನೆಯಲ್ಲಿದ್ದ. ಬ್ರೀಫಿಂಗ್‌ಗೆ ತಡವಾಗಿ ಬಂದದ್ದಕ್ಕೆ ಎಂಜಲು ತಟ್ಟೆ ಕೆರೆಯುವ ಶಿಕ್ಷೆ ಕೊಟ್ಟಿದ್ದರು.

ಸಿನಿಮಾ ನಟರೂ ಹಾರಿದ್ದರಂತೆ?

ಹೌದು. ಜೇಮ್ಸ್ ಸ್ಟುವರ್ಟ್ ಬಿ-24 ಪೈಲಟ್ ಆಗಿ 20 ಮಿಷನ್ ಹಾರಿದರು. ಕ್ಲಾರ್ಕ್ ಗೇಬಲ್ ಕೂಡ ಬಿ-17ಗಳಲ್ಲಿ ಕೆಲವು ಸಲ ಹೋಗಿದ್ದರು.

ಪ್ಯಾರಾಚೂಟ್‌ನಲ್ಲಿ ಇಳಿದವರ ಗತಿ?

ಅದೃಷ್ಟ ಇದ್ದವರನ್ನು ಬೆಲ್ಜಿಯಂ, ಫ್ರಾನ್ಸ್‌ನ ಹಳ್ಳಿಯವರು ಬಚ್ಚಿಟ್ಟರು. ಆಂದ್ರೆ ಡಿ ಯೋಂಗ್ ಎಂಬ ಬೆಲ್ಜಿಯಂನ ಯುವತಿ ಶುರುಮಾಡಿದ 'ಕಾಮೆಟ್ ಲೈನ್' ಎಂಬ ಗುಟ್ಟಿನ ಜಾಲ ನೂರಾರು ಜನರನ್ನು ಪಿರನೀಸ್ ಬೆಟ್ಟ ದಾಟಿಸಿ ಸ್ಪೇನ್‌ಗೆ ತಲುಪಿಸಿತು. ಸಿಕ್ಕಿಬಿದ್ದರೆ ಬಚ್ಚಿಟ್ಟ ಮನೆಯವರಿಗೆ ಸಾವು ಇಲ್ಲವೇ ಸೆರೆಶಿಬಿರ. ಉಳಿದ ವಿಮಾನ ಸಿಬ್ಬಂದಿ ಯುದ್ಧಖೈದಿಗಳಾದರು. ಬಾಂಬು ಬಿದ್ದ ಊರಿನವರ ಕೈಗೆ ಸಿಕ್ಕರೆ ಇನ್ನೂ ಕಷ್ಟ. 1944ರ ಆಗಸ್ಟ್‌ನಲ್ಲಿ ಜರ್ಮನಿಯ ರ‍್ಯೂಸೆಲ್ಸ್‌ಹೈಮ್‌ನಲ್ಲಿ ಬೀದಿಯಲ್ಲಿ ಕರೆದೊಯ್ಯುತ್ತಿದ್ದ ಎಂಟು ಜನರ ಮೇಲೆ ಜನ ಬಿದ್ದರು. ಇಬ್ಬರು ಬದುಕಿದರು.

ಕೆಳಗಿದ್ದವರ ಬಗ್ಗೆ ಯಾರೂ ಯಾಕೆ ಮಾತಾಡುವುದಿಲ್ಲ?

ಮಾತಾಡಲೇಬೇಕು. ಬ್ರಿಟಿಷ್, ಅಮೆರಿಕನ್ ಎರಡೂ ದಾಳಿ ಸೇರಿ ಜರ್ಮನಿಯಲ್ಲಿ ಸತ್ತ ನಾಗರಿಕರ ಅಂದಾಜು 3 ಲಕ್ಷದಿಂದ 6 ಲಕ್ಷದವರೆಗೆ ಇದೆ. ಜರ್ಮನಿಯ ಹಿಡಿತದಿಂದ ಬಿಡಿಸಲು ಹೊರಟಿದ್ದ ಫ್ರಾನ್ಸ್‌ನಲ್ಲೇ ಸುಮಾರು 60,000 ಜನ ಮಿತ್ರರಾಷ್ಟ್ರಗಳ ಬಾಂಬಿಗೆ ಬಲಿಯಾದರು. 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ ಮೇಲೆ ರಾತ್ರಿ ಬ್ರಿಟಿಷರು, ಹಗಲು ಅಮೆರಿಕದವರು. ಸುಮಾರು 25,000 ಸಾವು.

ಜಪಾನಿನಲ್ಲಿ ಕಾರ್ಖಾನೆ ಆರಿಸಿ ಹೊಡೆಯುವ ಮಾತನ್ನೇ ಕೈಬಿಟ್ಟರು. 1945ರ ಮಾರ್ಚ್ 9ರ ರಾತ್ರಿ ಜನರಲ್ ಕರ್ಟಿಸ್ ಲೆಮೇ ಸುಮಾರು 300 ಬಿ-29ಗಳನ್ನು ಟೋಕಿಯೋ ಮೇಲೆ ಕಳಿಸಿದರು. ಕೆಳ ಎತ್ತರದಲ್ಲಿ, ಬೆಂಕಿ ಬಾಂಬುಗಳ ಜೊತೆ. ಮರ, ಕಾಗದದ ಮನೆಗಳು. ಬೆಳಗಾಗುವುದರೊಳಗೆ ಸುಮಾರು ಒಂದು ಲಕ್ಷ ಜನ ಸತ್ತಿದ್ದರು. ಮೇಲೆ ಹಾರುತ್ತಿದ್ದವರಿಗೆ ಸುಟ್ಟ ಮಾಂಸದ ವಾಸನೆ ವಿಮಾನದೊಳಗೇ ಬಂದಿತ್ತು. ಬಾಲ್ ಟರೆಟ್ ಹುಡುಗನ ಕಥೆ ಹೇಳುವಾಗ ನಾನು ಇದನ್ನು ಬಿಟ್ಟು ಹೇಳುವುದಿಲ್ಲ.

ಇಷ್ಟೆಲ್ಲ ಮಾಡಿ ಉಪಯೋಗ ಆಯಿತಾ?

ಸ್ವಲ್ಪ ಹೌದು, ಸ್ವಲ್ಪ ಇಲ್ಲ. 1944ರಲ್ಲಿ, ಬಾಂಬು ಬೀಳುತ್ತಿದ್ದಾಗಲೇ, ಜರ್ಮನಿಯ ವಿಮಾನ ತಯಾರಿಕೆ ಹೆಚ್ಚಾಯಿತು! ಆದರೆ ಅದೇ ವರ್ಷದ ಮೇ ತಿಂಗಳಿಂದ ತೈಲ ಘಟಕಗಳ ಬೆನ್ನು ಬಿದ್ದದ್ದು ಫಲ ಕೊಟ್ಟಿತು. ಏಪ್ರಿಲ್‌ನಲ್ಲಿ ಸುಮಾರು 1,75,000 ಟನ್ ಇದ್ದ ವಿಮಾನ ಪೆಟ್ರೋಲ್ ತಯಾರಿಕೆ ಸೆಪ್ಟೆಂಬರ್ ಹೊತ್ತಿಗೆ 10,000 ಟನ್‌ಗೂ ಕೆಳಗೆ ಬಂತು. ವಿಮಾನ ಇದೆ, ಪೆಟ್ರೋಲ್ ಇಲ್ಲ. ಜನರ ಎದೆ ಒಡೆಯುತ್ತದೆ ಎಂಬ ಲೆಕ್ಕ ಮಾತ್ರ ಎಲ್ಲೂ ಸರಿಹೋಗಲಿಲ್ಲ.

ಭಾರತದಿಂದಲೂ ಹಾರಿದ್ದರಾ?

ಹಾರಿದ್ದರು. ಬಿ-29 ಮೊದಲ ಸಲ ಯುದ್ಧಕ್ಕೆ ಹೊರಟದ್ದೇ ನಮ್ಮ ನೆಲದಿಂದ. ಬಂಗಾಳದ ಖರಗ್‌ಪುರ, ಅದರ ಸುತ್ತಿನ ಚಾಕುಲಿಯಾ, ಪಿಯಾರ್‌ಡೋಬಾ, ದುಧ್‌ಕುಂಡಿ ಏರ್‌ಫೀಲ್ಡ್‌ಗಳು. ಖರಗ್‌ಪುರ ಇದ್ದದ್ದು 1943ರ ಬರಗಾಲದಲ್ಲಿ ಜನ ಸಾಯುತ್ತಿದ್ದ ಅದೇ ಮಿಡ್ನಾಪುರ ಜಿಲ್ಲೆಯಲ್ಲಿ. ಪಡೆಯ ಮುಖ್ಯ ಕಚೇರಿ ಹಿಜ್ಲಿಯ ಹಳೇ ಜೈಲು ಕಟ್ಟಡದಲ್ಲಿತ್ತು. ಈಗ ಅದು ಐಐಟಿ ಖರಗ್‌ಪುರದ ಆವರಣ.

1944ರ ಜೂನ್ 5ರಂದು 98 ವಿಮಾನ ಇಲ್ಲಿಂದ ಬ್ಯಾಂಕಾಕ್‌ಗೆ ಹೊರಟವು. ಹತ್ತು ದಿನದ ಮೇಲೆ ಚೀನಾದ ಚೆಂಗ್ಡು ಮೂಲಕ ಜಪಾನಿನ ಯಾವಾಟಾ ಉಕ್ಕಿನ ಕಾರ್ಖಾನೆಗೆ. ಸಮಸ್ಯೆ ಏನೆಂದರೆ ಚೆಂಗ್ಡುವಿಗೆ ಪೆಟ್ರೋಲನ್ನೂ ಹಿಮಾಲಯ ದಾಟಿಸಿ ವಿಮಾನದಲ್ಲೇ ಒಯ್ಯಬೇಕು. ಒಂದು ದಾಳಿಗೆ ಬೇಕಾದ ಪೆಟ್ರೋಲಿಗೆ ಒಂದು ಬಿ-29 ಐದಾರು ಸಲ ಬೆಟ್ಟ ದಾಟಬೇಕು. ಜೊತೆಗೆ ಬಂಗಾಳದ ಬಿಸಿಲಿಗೆ ಇಂಜಿನ್‌ಗಳು ಕಾದು ಬೆಂಕಿ ಹತ್ತುತ್ತಿದ್ದವು. ಪೆಸಿಫಿಕ್ ದ್ವೀಪಗಳು ಕೈಗೆ ಬಂದ ಮೇಲೆ, 1945ರಲ್ಲಿ ಎಲ್ಲ ಕಟ್ಟಿಕೊಂಡು ಅಲ್ಲಿಗೆ ಹೋದರು.

ಬೆಂಗಳೂರಿಗೂ ಇದಕ್ಕೂ ಏನು ಸಂಬಂಧ?

ಎಚ್‌ಎಎಲ್! ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಶುರುಮಾಡಿದ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಏಷ್ಯಾದ ಈ ಭಾಗದ ಅಮೆರಿಕನ್ ವಿಮಾನಗಳಿಗೆ, ಇಂಜಿನ್‌ಗಳಿಗೆ ಅದು ದೊಡ್ಡ ರಿಪೇರಿ ಅಂಗಡಿ. ಕೆಟ್ಟುಹೋದ ಕ್ಯಾಟಲೀನಾ ಕಡಲ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಬಂದು ಇಳಿಯುತ್ತಿದ್ದವು. ಹೌದು, ನೊರೆ ಎದ್ದು ಸುದ್ದಿಯಾದ ಅದೇ ಕೆರೆ.

ಇದಕ್ಕಿಂತ ಒಳ್ಳೆಯ ಕಥೆ ಯುದ್ಧ ಮುಗಿದ ಮೇಲಿನದು. ಕಾನ್ಪುರದಲ್ಲಿ ಬ್ರಿಟಿಷರು ಬಿಟ್ಟುಹೋದ ಬಿ-24ಗಳು ಗುಜರಿಯಾಗಿ ಬಿದ್ದಿದ್ದವು. ಮತ್ತೆ ಹಾರದಂತೆ ಬೇಕಂತಲೇ ಕೆಡಿಸಿಟ್ಟಿದ್ದರು. ಎಚ್‌ಎಎಲ್‌ನವರು ಹೋಗಿ ಅದರ ಭಾಗ ಇದಕ್ಕೆ, ಇದರ ಭಾಗ ಅದಕ್ಕೆ ಹಾಕಿ, ಹೇಗೋ ಹಾರುವಷ್ಟು ಸರಿಮಾಡಿದರು. ಟೆಸ್ಟ್ ಪೈಲಟ್ ಜಮ್‌ಶೇಡ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿ. ಹೀಗೆ ಸುಮಾರು 40 ವಿಮಾನ ಎದ್ದು ನಿಂತವು. 1948ರಲ್ಲಿ ಭಾರತೀಯ ವಾಯುಪಡೆಯ ಐದನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯಿತು. 1968ರವರೆಗೆ ಹಾರಿದವು. ಹುಟ್ಟಿದ ದೇಶದಲ್ಲಿ ಅಷ್ಟು ಹೊತ್ತಿಗೆ ಬಿ-24ಗಳನ್ನೆಲ್ಲ ಹೆಚ್ಚುಕಮ್ಮಿ ಕರಗಿಸಿ ಮುಗಿಸಿದ್ದರು.

ಈಗ ಎಲ್ಲಿ ನೋಡಬಹುದು?

ದೆಹಲಿಯ ಪಾಲಂ ವಾಯುಪಡೆ ಮ್ಯೂಸಿಯಂನಲ್ಲಿ ಒಂದು ಲಿಬರೇಟರ್ ಇದೆ. ಅಮೆರಿಕದಲ್ಲಿರುವ ಕನ್ನಡಿಗರು ಅರಿಜೋನಾದ ಪೀಮಾ ಮ್ಯೂಸಿಯಂಗೆ ಹೋಗಬಹುದು. ಅಲ್ಲಿನ ಬಿ-24 ಭಾರತದಿಂದ ಹೋದದ್ದು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿರುವುದೂ ನಮ್ಮದೇ. 'ಮೆಂಫಿಸ್ ಬೆಲ್' ಒಹಾಯೋದ ಡೇಟನ್‌ನಲ್ಲಿದೆ.

ಇಂಗ್ಲೆಂಡಿನಲ್ಲಿದ್ದರೆ ಕೇಂಬ್ರಿಜ್ ಪಕ್ಕದ ಮ್ಯಾಡಿಂಗ್ಲಿಗೆ ಹೋಗಿ. ಅಮೆರಿಕದವರ ಸ್ಮಶಾನ ಅದು. ಸುಮಾರು 3,800 ಸಮಾಧಿ. ಜೊತೆಗೆ ಒಂದು ಉದ್ದದ ಕಲ್ಲಿನ ಗೋಡೆ, ಅದರ ಮೇಲೆ ದೇಹ ಸಿಗದ 5,100ಕ್ಕೂ ಹೆಚ್ಚು ಜನರ ಹೆಸರು. ಇಂಥ ಗೋಡೆಗಳು ಬೇರೆ ದೇಶಗಳಲ್ಲೂ ಇವೆ. ಹುಡುಕಾಟ ಇನ್ನೂ ನಡೆಯುತ್ತಿದೆ. ಅರುಣಾಚಲದ ಬೆಟ್ಟದಲ್ಲಿ 1944ರ ಜನವರಿಯಲ್ಲಿ ಎಂಟು ಜನರೊಂದಿಗೆ ಬಿದ್ದ ಒಂದು ಬಿ-24 ಸಿಕ್ಕಿದ್ದು 2006ರಲ್ಲಿ. ಹೀಗೆ ಯಾರದಾದರೂ ಮೂಳೆ ಸಿಕ್ಕಿ ಗುರುತು ಹತ್ತಿದರೆ ಗೋಡೆಯ ಮೇಲಿನ ಹೆಸರನ್ನು ಅಳಿಸುವುದಿಲ್ಲ. ಅದರ ಪಕ್ಕದಲ್ಲಿ ಕಂಚಿನ ಒಂದು ಪುಟ್ಟ ಹೂವು ಕೂರಿಸುತ್ತಾರೆ.